ಲೈಬ್ರರಿಲಿ ಇದೆ, ಹುಡುಕಿದ್ರೆ ಮಾತ್ರ ಸಿಗಲ್ಲ. ನಿಮ್ಮಲ್ಲಿ ಏನ್ ಮಾಡ್ತಿದೀರ?

ಮಲ್ನಾಡ್ ಲೈಬ್ರರಿ:
ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಗ್ರಂಥಪಾಲಕಿ. ಉದ್ದ ಬರೀತಿದೀನಿ, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ಮಳೆಗಾಲದಲ್ಲಿ ಬಿಎಸ್ಸಿ ಕೊನೇ ವರ್ಷದ ಹುಡುಗಿ ಒಬ್ಳು ಬಂದ್ಲು, ಪ್ರಾಜೆಕ್ಟಿಗೆ ಅಡಿಕೆ ಕೊಳೆರೋಗದ ಬಗ್ಗೆ ಬೇಕು ಅಂತ. ಅವ್ಳ ಮನೇಲೇ ತೋಟ ಇದೆ, ಆ ವರ್ಷ ಎರಡನೇ ಸಲ ಔಷಧಿ ಹೊಡೆಸೋಕೆ ಮಳೆ ಬಿಡುವೇ ಕೊಡ್ಲಿಲ್ಲ, ಎಳೆ ಕಾಯಿ ಎಲ್ಲ ಉದುರಿ ಹೋಗಿತ್ತು, ಹಾಗಾಗಿ ಅವ್ಳಿಗೆ ಇದು ಬರೀ ಮಾರ್ಕ್ಸಿನ ವಿಷಯ ಆಗಿರ್ಲಿಲ್ಲ. ನಮ್ಮ ಕಂಪ್ಯೂಟರ್ ಮುಂದೆ ಕೂತು ಕನ್ನಡದಲ್ಲಿ ‘ಅಡಿಕೆ ಕೊಳೆರೋಗ’ ಅಂತ ಹಾಕಿದ್ಲು. ಸೊನ್ನೆ. ‘ಕೊಳೆ ರೋಗ’ ಅಂತ ಬಿಡಿಸಿ ಹಾಕಿದ್ಲು, ಅದಕ್ಕೂ ಸೊನ್ನೆ. ಇಂಗ್ಲಿಷಲ್ಲಿ ಅಡಿಕೆ ಅಂತ ಹೊಡೆದ್ಲು, ಏನೋ ಒಂದು ಕಥಾಸಂಕಲನ ಬಂತು. ‘ಏನೂ ಇಲ್ಲ ಮೇಡಂ’ ಅಂದು ಬ್ಯಾಗ್ ಎತ್ಕೊಂಡು ಹೊರಟೇ ಬಿಟ್ಲು.

ನಂಗೆ ಗೊತ್ತು ಇದೆ ಅಂತ! ಕಾಲೇಜುಗಳಿಗೆ ಅಂತ ಇರೋ ಎನ್-ಲಿಸ್ಟ್ ಯೋಜನೇಲಿ ಬರೋ ಇ-ಪುಸ್ತಕಗಳಲ್ಲಿ ಇದೆ, ಕೃಷಿಕೋಶ ಅನ್ನೋ ವೆಬ್‌ಸೈಟಲ್ಲಿ ಕೃಷಿ ವಿವಿಗಳ ಪ್ರಬಂಧಗಳಿವೆ, ನಾವೇ ಸ್ಕ್ಯಾನ್ ಮಾಡಿ ಡಿಸ್ಪೇಸ್ ಅನ್ನೋ ಡಿಜಿಟಲ್ ಸಂಗ್ರಹದ ತಂತ್ರಾಂಶಕ್ಕೆ ಏರಿಸಿರೋ ಹಳೇ ಕೃಷಿ ಪತ್ರಿಕೆಗಳಲ್ಲಂತೂ ವರ್ಷಕ್ಕೊಂದು ಲೇಖನ ಆದ್ರೂ ಇದೆ. ಆದ್ರೆ ಒಂದು ಕಡೆ ಅದು ಅರೆಕಾನಟ್ ಅಂತ ಒಂದೇ ಪದ, ಇನ್ನೊಂದು ಕಡೆ ಅರೆಕಾ ನಟ್ ಅಂತ ಎರಡು ಪದ, ಮತ್ತೊಂದು ಕಡೆ ಬೀಟಲ್ ನಟ್. ರೋಗದ ಹೆಸರು ಫ್ರೂಟ್ ರಾಟ್ ಅಂತ ಇರುತ್ತೆ, ಇಲ್ಲಾಂದ್ರೆ ಫೈಟಾಫ್ತೊರಾ ಅಂತ ಆ ರೋಗಾಣು ಹೆಸರಲ್ಲೇ ಇರುತ್ತೆ. ನಮ್ಮ ಪತ್ರಿಕೆಗಳಿಗೆ ನಾವು ಕೊಟ್ಟಿದ್ದ ಶೀರ್ಷಿಕೆ ‘ಸಂಪುಟ ಇಷ್ಟು, ಸಂಚಿಕೆ ಇಷ್ಟು’, ಅಷ್ಟೇ. ಆ ಹುಡುಗಿ ಮನೇಲಿ ಹುಟ್ಟಿದಾಗಿಂದ ಕೇಳಿರೋ ಪದ ಒಂದು ಕಡೇನೂ ಇಲ್ಲ. ಅದೂ ಎಂಥ ಪದ ನೋಡಿ, ಮೈಸೂರು ಸರ್ಕಾರದಲ್ಲಿದ್ದ ಕೋಲ್ಮನ್ ಸಾಹೇಬ್ರು 1910ರಲ್ಲಿ ಈ ರೋಗದ ಮೇಲೆ ಬರೆದ ವಿಜ್ಞಾನ ಲೇಖನದ ತಲೆಬರಹದಲ್ಲೇ ‘ಕೊಳೆರೋಗ’ ಅಂತ ನಮ್ಮ ಪದಾನೇ ಇಟ್ಟಿದ್ರು. ವಿಜ್ಞಾನಿ ನೂರು ವರ್ಷದ ಹಿಂದೆ ತಗೊಂಡ ಪದ ನಮ್ಮ ಕ್ಯಾಟಲಾಗಲ್ಲಿ ಇಲ್ಲ.

ಅವತ್ತಿಂದ ಕೌಂಟರಲ್ಲಿ ಒಂದು ನೋಟ್‌ಬುಕ್ ಇಟ್ಟಿದೀನಿ. ಯಾರೇ ‘ಸಿಗಲಿಲ್ಲ’ ಅಂದ್ರೆ ಏನ್ ಟೈಪ್ ಮಾಡಿದ್ರಿ ಅಂತ ಕೇಳಿ ಅವರು ಹಾಕಿದ ಹಾಗೇ ಬರ್ಕೊಳ್ತೀನಿ. ನೋಟ್‌ಬುಕ್ ಅರ್ಧ ತುಂಬಿದೆ, ಬಹುಪಾಲು ನಮ್ಮಲ್ಲಿ ಇರೋ ವಸ್ತುವೇ. ಇದನ್ನ ಹೇಗೆ ಸರಿ ಮಾಡೋದು, ನಿಮ್ಮ ನಿಮ್ಮಲ್ಲಿ ಏನ್ ಮಾಡಿದೀರ ಹೇಳಿ. ದುಡ್ಡಿಲ್ಲ, ಸಹಾಯಕರಿಲ್ಲ, ಕ್ಯಾಟಲಾಗಿಗೆ ಕೋಹಾ ತಂತ್ರಾಂಶ ಮತ್ತೆ ಡಿಸ್ಪೇಸ್ ಇದೆ, ನಾನಿದೀನಿ.

ಕೋಹಾ ಮೈಸೂರು:
ಮೇಡಂ, ಆ ನೋಟ್‌ಬುಕ್ ಎಸೀಬೇಡಿ, ಅದೇ ನಿಮ್ಮ ಅರ್ಧ ಕೆಲಸ. ಕೋಹಾದಲ್ಲಿ ಮೊದಲು ನೋಡ್ಬೇಕಾಗಿರೋದು ಜೀಬ್ರಾ ಇಂಡೆಕ್ಸಿಂಗ್ (ಹುಡುಕಾಟಕ್ಕೆ ಪದಗಳ ಸೂಚಿ ಮಾಡೋ ಭಾಗ) ಐಸಿಯು ಅನ್ನೋ ಮೋಡಲ್ಲಿದ್ಯಾ ಅಂತ. ಇನ್‌ಸ್ಟಾಲ್ ಮಾಡಿದೋರು ಹಳೇ ಸಿಎಚ್ಆರ್ ಮೋಡಲ್ಲೇ ಬಿಟ್ಟು ಹೋಗಿದ್ರೆ ಕನ್ನಡ ಅಕ್ಷರಗಳನ್ನ ಅದು ಸರಿಯಾಗಿ ಪದ ಅಂತ ಹಿಡಿಯೋದೇ ಇಲ್ಲ, ನೀವು ಎಷ್ಟು ಚೆನ್ನಾಗಿ ಕ್ಯಾಟಲಾಗ್ ಮಾಡಿದ್ರೂ ನೀರಲ್ಲಿ ಹೋಮ. ಐಸಿಯುಗೆ ಬದಲಾಯಿಸಿ ಪೂರ್ತಿ ರೀಇಂಡೆಕ್ಸ್ ಮಾಡಿಸಿ, ಅಂದ್ರೆ ಆ ಸೂಚಿನ ಹೊಸದಾಗಿ ಕಟ್ಟಿಸಿ.

ಎರಡನೇದು, ನಿಮ್ಮ ನೋಟ್‌ಬುಕ್ಕಲ್ಲಿರೋ ಪದಗಳಿಗೆ ಮಾರ್ಕಲ್ಲಿ, ಅಂದ್ರೆ ಕ್ಯಾಟಲಾಗ್ ದಾಖಲೆ ಬರೆಯೋ ನಮೂನೇಲಿ, ಜಾಗ ಇದೆ. 653 ಅಂತ ಒಂದು ಫೀಲ್ಡ್, ನಿಯಂತ್ರಣ ಇಲ್ಲದ ವಿಷಯಪದ ಹಾಕೋಕೇ ಇರೋದು, ಯಾರೂ ಬಳಸಲ್ಲ. ಶೀರ್ಷಿಕೆಯ ಬೇರೆ ರೂಪಗಳಿಗೆ 246. ‘ಕೊಳೆರೋಗ’, ‘ಕೊಳೆ ರೋಗ’ ಎರಡನ್ನೂ 653ಕ್ಕೆ ಹಾಕಿ, ಅವತ್ತೇ ಸಿಗುತ್ತೆ. ದಾಖಲೆ ತೆರೆದು ಎರಡು ಪದ ಸೇರಿಸೋಕೆ ಒಂದು ನಿಮಿಷ ಸಾಕು.

ಕಡಲತಡಿ:
ನಮಸ್ಕಾರ, ನಾನು ಮಂಗಳೂರು ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಲೈಬ್ರರಿಯಲ್ಲಿ ಇರುವುದು. ಮೊದಲು ಒಂದು ವಿಷಯ, ನಮ್ಮ ಕಡೆ ಅದಕ್ಕೆ ಮಹಾಳಿ ಅಂತಲೂ ಹೇಳ್ತಾರೆ, ಅದನ್ನೂ ನಿಮ್ಮ ನೋಟ್‌ಬುಕ್ಕಿಗೆ ಸೇರಿಸಿಕೊಳ್ಳಿ ಮೇಡಂ.

ನಮ್ಮಲ್ಲಿ ಮ್ಯಾನೇಜ್‌ಮೆಂಟಿನವರು ದುಡ್ಡು ಕೊಟ್ಟು ಡಿಸ್ಕವರಿ ಸರ್ವಿಸ್ ತೆಗೆದುಕೊಂಡ್ರು. ಒಂದೇ ಬಾಕ್ಸು, ಅದರಲ್ಲಿ ಪುಸ್ತಕ, ಇ-ಜರ್ನಲ್, ಪ್ರಬಂಧ ಎಲ್ಲ ಒಟ್ಟಿಗೆ ಹುಡುಕಬಹುದು. ಒಳ್ಳೆಯದೇ, ಆದ್ರೆ ಮಾರಾಯ್ರೆ, ಮಕ್ಕಳು ಆ ಬಾಕ್ಸಿನವರೆಗೆ ಬರುವುದೇ ಇಲ್ಲವಲ್ಲ! ನಮ್ಮ ವೆಬ್‌ಸೈಟಿನಲ್ಲಿ ‘ಇ-ರಿಸೋರ್ಸಸ್’ ಅಂತ ಒಂದು ಬಟನ್, ಅದನ್ನು ಒತ್ತಿದ್ರೆ ಪ್ರಕಾಶಕರ ಹೆಸರುಗಳ ಉದ್ದ ಪಟ್ಟಿ. ಕಾಂಕ್ರೀಟಿನ ಬಗ್ಗೆ ಓದಬೇಕು ಅಂತ ಬಂದ ಹುಡುಗನಿಗೆ ಅದು ಯಾವ ಪ್ರಕಾಶಕರ ಹತ್ರ ಉಂಟು ಅಂತ ಹೇಗೆ ಗೊತ್ತಾಗಬೇಕು? ‘ಡೇಟಾಬೇಸ್’ ಅಂದ್ರೆ ಅವನಿಗೆ ಪರೀಕ್ಷೆಗೆ ಓದುವ ಸಬ್ಜೆಕ್ಟು, ಹುಡುಕುವ ಜಾಗ ಅಲ್ಲ. ನಾವು ಒಂದು ದಿನ ಕೂತು ಹತ್ತು ಹದಿನೈದು ಮಕ್ಕಳ ಪಕ್ಕ ಸುಮ್ಮನೆ ನಿಂತು ನೋಡಿದೆವು, ಎಲ್ಲಿ ಕ್ಲಿಕ್ ಮಾಡ್ತಾರೆ, ಎಲ್ಲಿ ನಿಲ್ತಾರೆ ಅಂತ. ನಾವು ಬಾಯಿ ಬಿಡಲಿಲ್ಲ, ಅದೇ ಕಷ್ಟದ ಕೆಲಸ. ಆಮೇಲೆ ಬಟನ್‌ಗಳ ಹೆಸರು ಬದಲಾಯಿಸಿದೆವು. ‘ಲೇಖನ ಹುಡುಕಿ’, ‘ಪುಸ್ತಕ ಹುಡುಕಿ’, ‘ಹಳೆ ಪ್ರಶ್ನೆಪತ್ರಿಕೆ’, ‘ಹಳೆ ಪ್ರಾಜೆಕ್ಟ್ ರಿಪೋರ್ಟ್’, ‘ಮನೆಯಿಂದ ಓದಲು’. ಪ್ರಕಾಶಕರ ಪಟ್ಟಿ ತೆಗೆಯಲಿಲ್ಲ, ಕೆಳಗೆ ಹಾಕಿದೆವು, ಪ್ರೊಫೆಸರ್‌ಗಳಿಗೆ ಅದೇ ಬೇಕು.

ಇನ್ನೊಂದು, ನೀವು ಸರ್ಕಾರಿ ಕಾಲೇಜಿನವರಲ್ವಾ, ಕೇಂದ್ರ ಸರ್ಕಾರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ನಿಮಗೆ ಸಿಗಬೇಕು. 2025 ಜನವರಿಯಿಂದ ಶುರುವಾದದ್ದು, 30 ಪ್ರಕಾಶಕರ ಸುಮಾರು 13,000 ಜರ್ನಲ್, ಮೂರು ವರ್ಷಕ್ಕೆ 6,000 ಕೋಟಿ ಇಟ್ಟಿದ್ದಾರೆ, ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ನಮ್ಮಂಥ ಖಾಸಗಿಯವರಿಗೆ ಇಲ್ಲ. ಇಷ್ಟು ದುಡ್ಡಿನ ಜರ್ನಲ್ ಬಂದು ಹುಡುಕುವ ದಾರಿ ಗೊತ್ತಿಲ್ಲದೆ ಮಕ್ಕಳು ಖಾಲಿ ಕೈಯಲ್ಲಿ ಹೋಗುವುದು ನೋಡಿದ್ರೆ ಹೊಟ್ಟೆ ಉರಿಯುತ್ತದೆ.

ಧಾರವಾಡದ ಓದುಗ:
ನಮಸ್ಕಾರ್ರಿ ಎಲ್ಲರಿಗೂ. ನಾ ಲೈಬ್ರರಿ ಮಂದಿ ಅಲ್ರಿ, ಪಿಎಚ್‌ಡಿ ಮಾಡಾಕತ್ತೀನಿ, ಹುಡುಕೋ ಮಂದಿ ಕಡೆಯಿಂದ ನಂದೂ ಎರಡು ಮಾತು.

ಆಲೂರ ವೆಂಕಟರಾಯರು 1922ರಾಗ ಶುರು ಮಾಡಿದ ‘ಜಯ ಕರ್ನಾಟಕ’ ಪತ್ರಿಕಿ ಹಳೇ ಸಂಚಿಕಿ ನನಗ ಬೇಕಾಗಿದ್ವು. ಜಯ ಬ್ಯಾರೆ ಕರ್ನಾಟಕ ಬ್ಯಾರೆ ಮಾಡಿ ಹುಡುಕಬೇಕು, ಕೂಡಿಸಿ ಹುಡುಕಬೇಕು, ಆಮ್ಯಾಲೆ ‘ಕರ್ಣಾಟಕ’ ಅಂತ ದೊಡ್ಡ ಣ ಹಾಕಿ ಹುಡುಕಬೇಕು, ಅಷ್ಟೂ ಆದಮ್ಯಾಲೆ ಇಂಗ್ಲೀಷನ್ಯಾಗ ಹುಡುಕಬೇಕು. ಒಂದೊಂದು ಕಡೆ ಒಂದೊಂದು ರೂಪದಾಗ ಕುಂತಿರ್ತಾವ. ಬೇಂದ್ರೆ ಅಜ್ಜಾರದ್ದಂತೂ ಕೇಳಬ್ಯಾಡ್ರಿ, ದ.ರಾ. ಬೇಂದ್ರೆ ಅಂತ ಹುಡುಕಿದ್ರ ಕೆಲವು, ಅಂಬಿಕಾತನಯದತ್ತ ಅಂದ್ರ ಕೆಲವು. ಎರಡೂ ಒಬ್ಬರೇ ಅಂತ ನಮಗ ಗೊತ್ತು, ಬಿಎ ಮೊದಲನೇ ವರ್ಷದ ಹುಡುಗಗ ಯಾರು ಹೇಳಬೇಕು? ಕಂಪ್ಯೂಟರೇ ಹೇಳಬೇಕಲ್ರಿ.

ಇನ್ನ ಪ್ರಬಂಧಗಳ ಕಥಿ. ಪಿಎಚ್‌ಡಿ ಪ್ರಬಂಧ ಕೂಡಿಸಿಟ್ಟ ಶೋಧಗಂಗಾ ವೆಬ್‌ಸೈಟಿನ್ಯಾಗ ಪ್ರಬಂಧ ಅಧ್ಯಾಯಕ್ಕೊಂದು ಪಿಡಿಎಫ್ ಆಗಿ ಇರ್ತಾವಲ್ರಿ, ಒಳಗಿನ ಮಾತು ಹುಡುಕಬೇಕಂದ್ರ ಆ ಪಿಡಿಎಫ್ ಯೂನಿಕೋಡ್, ಅಂದ್ರ ಎಲ್ಲಾ ಕಂಪ್ಯೂಟರಿಗೂ ತಿಳಿಯೋ ಅಕ್ಷರ ಸಂಕೇತದಾಗ, ಇರಬೇಕು. ನನ್ನ ಗೆಳೆಯರೇ ಎಷ್ಟೋ ಮಂದಿ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನ್ಯಾಗ ಟೈಪ್ ಮಾಡಿಸಿ ಹಂಗೇ ಪಿಡಿಎಫ್ ಮಾಡಿ ಕೊಟ್ಟಾರ. ಕಣ್ಣಿಗೆ ಚಂದ ಕನ್ನಡ, ಕಾಪಿ ಮಾಡಿ ಬ್ಯಾರೆ ಕಡೆ ಹಾಕಿದ್ರ ಅರ್ಥಾ ಇಲ್ಲದ ಇಂಗ್ಲೀಷ್ ಅಕ್ಷರದ ರಾಶಿ. ಐದು ವರ್ಷ ದುಡಿದು ಬರೆದದ್ದು ಯಾರ ಹುಡುಕಾಟಕ್ಕೂ ಸಿಗೂದಿಲ್ಲ ಅಂದ್ರ ಏನ್ ಹೇಳಬೇಕ್ರಿ. ಸಲ್ಲಿಸೋ ಮುಂದ ಯೂನಿಕೋಡ್ ಮಾಡಿ ಕೊಡ್ರಿ ಅಂತ ಗ್ರಂಥಪಾಲಕರು ಒಂದು ಮಾತು ಹೇಳಿದ್ರ ಮುಗೀತಿತ್ತು.

ಹಳೇ ಕಾರ್ಡು:
ನಾನು ನಿವೃತ್ತ ಕ್ಯಾಟಲಾಗರ್. ಮೂವತ್ತು ವರ್ಷ ಕಾರ್ಡ್ ಬರೆದವನು. ಮೈಸೂರಿನವರು ಹೇಳಿದ 653ರ ಬಗ್ಗೆ ನನಗೆ ಸಮಾಧಾನ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ, ಹೇಳಲೇಬೇಕು.

ಓದುಗ ಟೈಪ್ ಮಾಡಿದ್ದನ್ನೆಲ್ಲ ದಾಖಲೆಗೆ ತುರುಕುತ್ತಾ ಹೋದರೆ ಐದು ವರ್ಷ ಬಿಟ್ಟು ಏನಾಗುತ್ತೆ ಗೊತ್ತಾ? ಒಂದೇ ವಿಷಯದ ಹತ್ತು ಪುಸ್ತಕಕ್ಕೆ ಹತ್ತು ಥರದ ಪದ, ಯಾವುದೂ ಒಂದು ಕಡೆ ಸೇರುವುದಿಲ್ಲ. ‘ಕೊಳೆರೋಗ’ವನ್ನೇ ತಗೊಳ್ಳಿ. ಚಿಕ್ಕಮಗಳೂರು, ಕೊಡಗಿನ ಕಾಫಿ ಬೆಳೆಗಾರನಿಗೆ ಕೊಳೆರೋಗ ಅಂದರೆ ಕಾಫಿ ಗಿಡದ ಎಲೆ ಕಪ್ಪಾಗಿ ಕೊಳೆತು ಜೋತು ಬೀಳುವ ಬೇರೆಯೇ ರೋಗ, ಅದರ ಶಿಲೀಂಧ್ರಕ್ಕೆ ವಿಜ್ಞಾನದ ಹೆಸರಿಡುವಾಗಲೂ ಕೊಳೆರೋಗ ಅಂತಲೇ ಸೇರಿಸಿದ್ದರು. ಬರೀ ಆ ಪದ ಹಾಕಿಬಿಟ್ಟರೆ ಅಡಿಕೆಯವನಿಗೆ ಕಾಫಿ, ಕಾಫಿಯವನಿಗೆ ಅಡಿಕೆ ಸಿಗುತ್ತೆ. ಇದಕ್ಕೇ ವಿಷಯ ಶೀರ್ಷಿಕೆ ಅಂತ ಒಂದು ಶಿಸ್ತು ಇರೋದು.

ನಮ್ಮ ಕಾಲದಲ್ಲಿ ಇದಕ್ಕೆ ಪರಿಹಾರ ಇತ್ತು, ‘ನೋಡಿ’ ಕಾರ್ಡು. ಡ್ರಾಯರಿನಲ್ಲಿ ‘ಮಹಾಳಿ: ನೋಡಿ ಅಡಿಕೆ, ರೋಗಗಳು’ ಅಂತ ಒಂದು ಕಾರ್ಡ್ ಇಡುತ್ತಿದ್ದೆವು. ‘ಅಂಬಿಕಾತನಯದತ್ತ: ನೋಡಿ ಬೇಂದ್ರೆ’. ‘ಪುಟ್ಟಪ್ಪ ಕೆ.ವಿ.: ನೋಡಿ ಕುವೆಂಪು’. ಮಾಸ್ತಿಯವರನ್ನು ‘ಶ್ರೀನಿವಾಸ’ ಅಂತ ಹುಡುಕಿಕೊಂಡು ಬರುವವರಿಗೂ ಒಂದು ಕಾರ್ಡು. ಓದುಗ ಯಾವ ಬಾಗಿಲಿಂದ ಬಂದರೂ ಅದೇ ಮನೆ ಸೇರಬೇಕು. ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರ ಚೈನ್ ಇಂಡೆಕ್ಸಿಂಗಿನಲ್ಲೂ ಇದೇ ತತ್ವ, ವರ್ಗೀಕರಣದ ಸರಪಳಿಯ ಒಂದೊಂದು ಕೊಂಡಿಗೂ ಒಂದೊಂದು ಪ್ರವೇಶಪದ. ಕಂಪ್ಯೂಟರ್ ಬಂತು ಅಂತ ಕಾರ್ಡ್ ಡ್ರಾಯರ್ ಆಚೆ ಹಾಕಿದರು, ಜೊತೆಗೆ ‘ನೋಡಿ’ ಕಾರ್ಡುಗಳನ್ನೂ ಹಾಕಿದರು. ಪುಸ್ತಕದ ಕಾರ್ಡುಗಳನ್ನು ಮಾತ್ರ ಟೈಪ್ ಮಾಡಿಕೊಂಡರು. ಅವತ್ತು ಗೋದಾಮಿನಲ್ಲಿ ಆ ಕಾರ್ಡುಗಳನ್ನು ನೋಡಿ ನನಗೆ ಆದ ಸಂಕಟ ಇವತ್ತಿಗೂ ಹೋಗಿಲ್ಲ.

ಕೋಹಾ ಮೈಸೂರು:
ಸರ್, ನೀವು ಹೇಳಿದ ‘ನೋಡಿ’ ಕಾರ್ಡು ಕೋಹಾದಲ್ಲಿ ಇದೆ. ಅಥಾರಿಟಿ ದಾಖಲೆ ಅಂತೀವಲ್ಲ, ಅದರಲ್ಲಿ ಒಪ್ಪಿದ ಹೆಸರು 100 ಅನ್ನೋ ಫೀಲ್ಡಲ್ಲಿ, ಬೇರೆ ಹೆಸರುಗಳು 400ರಲ್ಲಿ. ವಿಷಯಕ್ಕೆ 150 ಮತ್ತೆ 450. ತೊಂದರೆ ಏನು ಅಂದ್ರೆ ಅಥಾರಿಟಿ ಮಾಡಿಟ್ರೂ ಓದುಗ ಪುಸ್ತಕದ ಬಾಕ್ಸಲ್ಲಿ ಹುಡುಕಿದಾಗ ಈ 400, 450ರ ಪದಗಳು ತಾನಾಗೇ ಲೆಕ್ಕಕ್ಕೆ ಬರಲ್ಲ. ಸಿಸ್ಟಮ್ ಪ್ರಿಫರೆನ್ಸಲ್ಲಿ ‘ಇನ್‌ಕ್ಲೂಡ್ ಸೀ ಫ್ರಮ್ ಇನ್ ಸರ್ಚಸ್’ ಅಂತ ಒಂದಿದೆ, ಅದನ್ನ ಆನ್ ಮಾಡಿ ರೀಇಂಡೆಕ್ಸ್ ಮಾಡ್ಬೇಕು. ಆಮೇಲೆ ಅಂಬಿಕಾತನಯದತ್ತ ಅಂತ ಹಾಕಿದ್ರೆ ಬೇಂದ್ರೆಯವರ ಪುಸ್ತಕ ಎಲ್ಲಾ ಬರುತ್ತೆ. ನಾನು ಹತ್ತಾರು ಲೈಬ್ರರಿಗಳಿಗೆ ಕೋಹಾ ಹಾಕಿಕೊಟ್ಟಿದೀನಿ, ಇದನ್ನ ಆನ್ ಮಾಡಿ ಅಂತ ಕೇಳಿದೋರನ್ನ ನಾನಂತೂ ಕಂಡಿಲ್ಲ.

ಮಲ್ನಾಡ್ ಲೈಬ್ರರಿ:
ಹಳೇ ಕಾರ್ಡು ಸರ್, ನೀವು ಹೇಳಿದ್ದು ಓದಿ ಸುಮ್ನೆ ಕೂತೆ. ಕಾಫಿ ಕೊಳೆರೋಗ ನನ್ನ ತಲೇಲೇ ಇರ್ಲಿಲ್ಲ, ನಾನೂ ಮಲೆನಾಡಿನೋಳೇ ಆಗಿ. ಆದ್ರೆ ಸರ್, ಅಥಾರಿಟಿ ಮಾಡೋಕೆ ಒಂದೊಂದಕ್ಕೂ ಯೋಚನೆ ಮಾಡ್ಬೇಕು, ನಾನು ಒಬ್ಳೇ, ಬೆಳಿಗ್ಗೆ ಇಶ್ಯೂ ರಿಟರ್ನ್, ಮಧ್ಯಾಹ್ನ ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನ ಫೈಲು, ಅದರ ಮಧ್ಯೆ ಎಲೆಕ್ಷನ್ ಡ್ಯೂಟಿ ಬೇರೆ. ಅಲ್ಲೀವರೆಗೆ ಆ ಹುಡುಗಿಗೆ ‘ಏನೂ ಇಲ್ಲ’ ಅಂತ ತೋರಿಸ್ತಾ ಇರ್ಲಾ? ಇವತ್ತಿಗೆ 653, ರಜದಲ್ಲಿ ಅಥಾರಿಟಿ ಅಂತ ಮಾಡಿದ್ರೆ ತಪ್ಪಾ?

ಹಳೇ ಕಾರ್ಡು:
ತಪ್ಪಲ್ಲ ತಾಯಿ. ಆದರೆ 653ಕ್ಕೆ ಹಾಕುವಾಗ ಒಂಟಿ ಪದ ಹಾಕಬೇಡಿ. ‘ಅಡಿಕೆ ಕೊಳೆರೋಗ’ ಅಂತ ಜೋಡಿ ಹಾಕಿ. ಹಾಕಿದ ಪದವನ್ನು ಅದೇ ನೋಟ್‌ಬುಕ್ಕಿನಲ್ಲಿ ಯಾವ ಪುಸ್ತಕಕ್ಕೆ ಹಾಕಿದಿರಿ ಅಂತ ಎದುರಿಗೆ ಬರೆದಿಡಿ, ಮುಂದೆ ಅಥಾರಿಟಿಗೆ ಎತ್ತಿಕೊಳ್ಳಬಹುದು.

ಯೂನಿಕೋಡ್ ಹುಡುಗ:
ನಾನು ಸಾಫ್ಟ್‌ವೇರ್ ಕೆಲಸದಲ್ಲಿರೋದು, ಸರ್ಚ್ ಇಂಜಿನ್ ಜೊತೆ ದಿನಾ ಗುದ್ದಾಡ್ತೀನಿ, ಕನ್ನಡದ್ದೇ ಆದ ಕೆಲವು ತೊಡಕು ಹೇಳ್ತೀನಿ.

ಈಗ ನಾನು ‘ಸಾಫ್ಟ್‌ವೇರ್’ ಅಂತ ಬರೆದೆ ನೋಡಿ, ಟಗೂ ವೇಗೂ ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ, ಎರಡು ಅಕ್ಷರ ಒತ್ತಾಗಿ ಕೂಡ್ಕೊಳ್ದೆ ಇರ್ಲಿ ಅಂತ. ಯಾರಾದ್ರೂ ಅದಿಲ್ಲದೆ ‘ಸಾಫ್ಟ್ವೇರ್’ ಅಂತ ಟೈಪ್ ಮಾಡಿದ್ರೆ ಕಂಪ್ಯೂಟರಿಗೆ ಎರಡೂ ಬೇರೆ ಪದ. ‘ರ‍್ಯಾಂಕ್’ ‘ರ್ಯಾಂಕ್’ ಕೂಡ ಅದೇ ಥರ. ಹಳೇ ಫಾಂಟಿಂದ ಯೂನಿಕೋಡಿಗೆ ಕನ್ವರ್ಟ್ ಮಾಡಿದ ಫೈಲುಗಳಲ್ಲಿ ಇನ್ನೊಂದು ಕಾಟ, ‘ಕೋ’ ಬರೆಯೋಕೆ ಒಂದೇ ಚಿಹ್ನೆ ಬಳಸಿರಬಹುದು, ಇಲ್ಲಾ ಎತ್ವ, ಕೊಂಬು, ದೀರ್ಘ ಅಂತ ಮೂರು ತುಂಡಾಗಿ ಕೂತಿರಬಹುದು, ನೋಡೋಕೆ ಒಂದೇ. ಇದೆಲ್ಲಾ ಕೈಯಲ್ಲಿ ತಿದ್ದೋ ಕೆಲಸ ಅಲ್ಲ, ಮಾಡ್ಬೇಡಿ. ಸರ್ಚ್ ಇಂಜಿನ್‌ಗಳಾದ ಸೋಲರ್ ಅಥವಾ ಇಲಾಸ್ಟಿಕ್‌ಸರ್ಚಲ್ಲಿ ಐಸಿಯು ನಾರ್ಮಲೈಸರ್ (ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನ ಒಂದು ಮಾಡೋದು) ಹಾಕಿದ್ರೆ ತುಂಡುಗಳು ಕೂಡ್ಕೊಳುತ್ವೆ, ಆ ಕಾಣದ ಅಕ್ಷರಗಳೂ ಉದುರಿ ಹೋಗುತ್ವೆ. ಡಿಸ್ಪೇಸ್ ಒಳಗೆ ಇರೋದು ಸೋಲರ್ರೇ.

ಕಷ್ಟ ಇರೋದು ವಿಭಕ್ತಿಲಿ. ಕೊನೆಗೆ ನಕ್ಷತ್ರ (*) ಹಾಕಿ ಹುಡುಕೋದು ಅಂತಿದ್ಯಲ್ಲ, ‘ಅಡಿಕೆ’ ಅಂತ ಹಾಕಿದ್ರೆ ಅಡಿಕೆಯ, ಅಡಿಕೆಗೆ, ಅಡಿಕೆಯಲ್ಲಿ ಎಲ್ಲಾ ಬರುತ್ತೆ, ಚೆನ್ನಾಗಿದೆ. ಅದೇ ‘ಕಾಡು’ ಅಂತ ಹಾಕಿದ್ರೆ ‘ಕಾಡಿನ’, ‘ಕಾಡಿಗೆ’ ಬರಲ್ಲ, ಉಕಾರ ಹೋಗಿ ಇಕಾರ ಆಗಿದೆ. ಸರಿ ಅಂತ ಇನ್ನೂ ಮೊಟಕು ಮಾಡಿದ್ರೆ ಕಣ್ಣಿಗೆ ಹಚ್ಕೊಳೋ ಕಾಡಿಗೆನೂ ಬರುತ್ತೆ. ‘ಮರ’ ಅಂತ ನಕ್ಷತ್ರ ಹಾಕಿ ನೋಡಿ, ಮರಾಠಿ ಬರುತ್ತೆ, ಮರಣ ಬರುತ್ತೆ. ಇನ್ನು ಸಂಧಿ. ‘ಮಳೆಗಾಲ’ದಲ್ಲಿ ಕಾಲ ಇದೆ ಅಂತ ಕಂಪ್ಯೂಟರಿಗೆ ಯಾರು ಹೇಳ್ಬೇಕು, ಅಲ್ಲಿ ಕ ಹೋಗಿ ಗ ಆಗಿದೆ. ಕೇಶಿರಾಜನ ಕಾಲದಿಂದ ಬರೆದಿಟ್ಟಿರೋ ನಿಯಮಗಳೇ ಇವು, ಕೋಡಿಗೆ ಇಳಿಸೋ ಕೆಲಸ ನಮ್ಮ ಪೀಳಿಗೆದು, ಅದು ನಡೀಬೇಕು. ಅಲ್ಲೀವರೆಗೆ ಸಮಾನಾರ್ಥಕ ಪದಗಳ ಫೈಲ್ ಒಂದು ಮಾಡ್ಕೊಳಿ ಮೇಡಂ, ಒಂದು ಸಾಲಲ್ಲಿ ‘ಕೊಳೆರೋಗ, ಕೊಳೆ ರೋಗ, ಮಹಾಳಿ’ ಅಂತ ಕಾಮಾ ಹಾಕಿ ಬರೆದ್ರೆ ಸೋಲರ್ ಎಲ್ಲವನ್ನೂ ಒಂದೇ ಅಂತ ತಿಳ್ಕೊಳುತ್ತೆ. ಸಾಮಾನ್ಯ ಟೆಕ್ಸ್ಟ್ ಫೈಲು, ನೋಟ್‌ಪ್ಯಾಡಲ್ಲೇ ಬರೀಬಹುದು. ನಿಮ್ಮ ನೋಟ್‌ಬುಕ್ ಕಳಿಸಿ, ಮೊದಲ ಫೈಲ್ ನಾನು ಮಾಡಿಕೊಡ್ತೀನಿ.

ದೂರದೂರಿನ ಕನ್ನಡಿಗ:
ನಾನು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾ ಪುಸ್ತಕಗಳ ಕ್ಯಾಟಲಾಗ್ ಮಾಡ್ತೀನಿ. ಇಲ್ಲಿಗೆ ಕನ್ನಡ ಪುಸ್ತಕಗಳು ಹೆಚ್ಚಾಗಿ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಆಫೀಸ್ ಮೂಲಕ ಬರ್ತವೆ, ಒಳ್ಳೊಳ್ಳೆ ಸಂಗ್ರಹ ಇದೆ. ಆದ್ರೆ ಹುಡುಕಾಟ ನೋಡಿ. ಇಲ್ಲಿನ ಲಿಪ್ಯಂತರ ನಿಯಮದ ಪ್ರಕಾರ ಕಾರಂತ ಅನ್ನೋದಕ್ಕೆ ಕೊನೇಲಿ ಟಿ, ಎ ಬರುತ್ತೆ, ಮೊದಲ ಎ ಮೇಲೆ ಗೆರೆ. ಜನ ಟೈಪ್ ಮಾಡೋದು ಟಿ, ಎಚ್. ತೇಜಸ್ವಿಗೆ ನಿಯಮದಲ್ಲಿ ವಿ, ಜನ ಹಾಕೋದು ಡಬ್ಲ್ಯು. ಮೇಲಿನ ಗೆರೆ ಚುಕ್ಕಿ ಕಂಪ್ಯೂಟರ್ ಬಿಟ್ಬಿಡುತ್ತೆ, ಎಚ್ ಬೇಕು ಬೇಡ ಅನ್ನೋದನ್ನ ಬಿಡಲ್ಲ. ಹಳೇ ದಾಖಲೆಗಳಲ್ಲಿ ಬಹಳಷ್ಟಕ್ಕೆ ಈ ರೋಮನ್ ರೂಪ ಮಾತ್ರ ಇದೆ, ಕನ್ನಡ ಅಕ್ಷರ ಇಲ್ವೇ ಇಲ್ಲ. ಇಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳು ಅಜ್ಜಿ ಹೇಳಿದ ಲೇಖಕರನ್ನ ಹುಡುಕಿ ಸಿಗದೆ ನನಗೆ ಇಮೇಲ್ ಮಾಡ್ತಾರೆ. ನಾನು ಕೈಗೆ ಸಿಕ್ಕಿದ ದಾಖಲೆಗೆಲ್ಲ 880 ಫೀಲ್ಡಲ್ಲಿ ಕನ್ನಡ ಲಿಪಿ ಸೇರಿಸ್ತಾ ಬರ್ತಿದೀನಿ. ಲೇಖಕರ ಹೆಸರಿನ ರೂಪಗಳಿಗೆ ನೀವು ಹೊಸದಾಗಿ ಕಷ್ಟ ಪಡ್ಬೇಡಿ, ವಿಯಾಫ್ (ಹಲವು ದೇಶಗಳ ಲೈಬ್ರರಿಗಳ ಹೆಸರುಗಳ ಒಟ್ಟು ಪಟ್ಟಿ) ಮತ್ತೆ ವಿಕಿಡೇಟಾ (ಯಾರು ಬೇಕಾದ್ರೂ ಸೇರಿಸಬಹುದಾದ ಮುಕ್ತ ಮಾಹಿತಿ ಕೋಶ) ನೋಡಿ, ಒಬ್ಬೊಬ್ಬರದ್ದೂ ಹತ್ತಾರು ರೂಪ ಈಗಾಗ್ಲೇ ಇರುತ್ತೆ, ಎತ್ಕೊಳಿ. ಇಲ್ಲದಿದ್ರೆ ವಿಕಿಡೇಟಾಗೆ ನೀವೇ ಸೇರಿಸಿ, ನಮಗೂ ಉಪಕಾರ ಆಗುತ್ತೆ.

ಅರಿವು ಕೇಂದ್ರ ಅಕ್ಕ:
ನಾನು ಗ್ರಾಮ ಪಂಚಾಯ್ತಿ ಅರಿವು ಕೇಂದ್ರದ, ಅಂದ್ರೆ ಹಳ್ಳಿ ಲೈಬ್ರರಿಯ ಮೇಲ್ವಿಚಾರಕಿ. ನೀವೆಲ್ಲ ಹೇಳೋ ಮಾರ್ಕು ಗೀರ್ಕು ನನಗೆ ಗೊತ್ತಿಲ್ಲ, ಆದ್ರೆ ನಮ್ಮ ಮಕ್ಕಳು ಹೆಂಗೆ ಹುಡುಕ್ತಾರೆ ಅಂತ ಹೇಳಬೇಕು ಅನ್ನಿಸ್ತು. ಅವು ಟೈಪೇ ಮಾಡಲ್ಲ. ಮೈಕ್ ಒತ್ತಿ ಮಾತಾಡ್ತವೆ. ಸಂಜೆ ಶಾಲೆ ಬಿಟ್ಟ ಮೇಲೆ ಬರ್ತವೆ, ಒಂದು ಕಂಪ್ಯೂಟರು, ಒಂದೆರಡು ಟ್ಯಾಬು. ಒಬ್ಬ ‘ಹತ್ತನೇ ತರಗತಿ ವಿಜ್ಞಾನ’ ಅಂತಾನೆ, ಇನ್ನೊಬ್ಳು ‘ಎಸ್ಸೆಸ್ಸೆಲ್ಸಿ ಸೈನ್ಸ್’ ಅಂತಾಳೆ, ಫೋನು ಒಂದು ಸಲ ಹತ್ತನೇ ಅಂತ ಅಕ್ಷರದಲ್ಲಿ ಬರೆಯುತ್ತೆ, ಇನ್ನೊಂದು ಸಲ 10 ಅಂತ ಅಂಕಿ ಹಾಕುತ್ತೆ. ಪುಸ್ತಕ ಒಂದೇ, ನಾಲ್ಕು ಥರ ಕೇಳ್ತಾರೆ, ಒಂದು ಥರ ಕೇಳಿದ್ರೆ ಮಾತ್ರ ಸಿಗುತ್ತೆ. ನಾನು ಏನ್ ಮಾಡಿದೀನಿ ಅಂದ್ರೆ ಮಕ್ಕಳು ಜಾಸ್ತಿ ಕೇಳೋದಕ್ಕೆಲ್ಲ ಲಿಂಕಿನ ಕ್ಯೂಆರ್ ಕೋಡ್ ಪ್ರಿಂಟ್ ತೆಗೆಸಿ, ಕಪಾಟಿನ ಮೇಲೆ ವಿಷಯದ ಹೆಸರು ಬರೆದು ಅಂಟಿಸಿದೀನಿ. ವಿಜ್ಞಾನದ ಪುಸ್ತಕ ಇರೋ ಕಡೇನೇ ವಿಜ್ಞಾನದ ವಿಡಿಯೋ ಕೋಡು. ಪುಸ್ತಕ ನೋಡೋಕೆ ಬಂದೋರು ಅದನ್ನೂ ನೋಡ್ತಾರೆ, ವಿಡಿಯೋಗೆ ಬಂದೋರು ಪುಸ್ತಕ ತೆಗೀತಾರೆ.

ಕಡಲತಡಿ:
ಅಕ್ಕಾ, ಇದು ಎಷ್ಟು ಒಳ್ಳೆ ಉಪಾಯ. ನಮ್ಮ ಕಪಾಟುಗಳಿಗೂ ನಾಳೆಯೇ ಅಂಟಿಸ್ತೇನೆ.

ಕೇಳಿ ಓದುವವ:
ನನಗೆ ಕಣ್ಣು ಕಾಣಲ್ಲ, ಸ್ಕ್ರೀನ್ ರೀಡರ್ ಹಾಕಿ ಓದ್ತೀನಿ. ಒಂದು ಕೋರಿಕೆ. ಹುಡುಕಾಟದ ಫಲಿತಾಂಶದಲ್ಲಿ ಪ್ರತಿ ಪುಸ್ತಕದ ಕೆಳಗೂ ‘ಇಲ್ಲಿ ಕ್ಲಿಕ್ ಮಾಡಿ’ ಅಂತ ಹಾಕ್ಬೇಡಿ. ನಾನು ಲಿಂಕಿಂದ ಲಿಂಕಿಗೆ ಹೋಗ್ತಾ ಕೇಳೋವಾಗ ಇಪ್ಪತ್ತು ಸಲ ‘ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ’ ಅಂತ ಕೇಳ್ಸುತ್ತೆ, ಯಾವುದು ಯಾವ ಪುಸ್ತಕ ಗೊತ್ತಾಗಲ್ಲ. ಪುಸ್ತಕದ ಹೆಸರೇ ಲಿಂಕ್ ಆಗಿರಲಿ. ಇನ್ನೊಂದು, ಪಿಡಿಎಫ್ ಬರೀ ಚಿತ್ರವೋ ಒಳಗೆ ಅಕ್ಷರ ಇದ್ಯೋ ಅಂತ ಫಲಿತಾಂಶದಲ್ಲೇ ಬರೀರಿ. ಸ್ಕ್ಯಾನ್ ಮಾಡಿ ಓಸಿಆರ್ (ಚಿತ್ರದಲ್ಲಿರೋ ಅಕ್ಷರ ಕಂಪ್ಯೂಟರ್ ಗುರುತಿಸೋದು) ಮಾಡದೆ ಹಾಕಿದ ಪುಸ್ತಕ ನನಗೆ ಖಾಲಿ ಕಾಗದ. ದೊಡ್ಡ ಫೈಲ್ ಇಳಿಸ್ಕೊಂಡು, ತೆರೆದು, ಏನೂ ಕೇಳ್ಸದೆ ಮುಚ್ಚಿದ್ದು ಎಷ್ಟು ಸಲವೋ. ಟೆಸೆರಾಕ್ಟ್ ಅನ್ನೋ ಓಸಿಆರ್ ತಂತ್ರಾಂಶ ಕನ್ನಡ ಓದುತ್ತೆ, ಒತ್ತಕ್ಷರದಲ್ಲಿ ತಪ್ಪು ಮಾಡುತ್ತೆ ನಿಜ, ಆದ್ರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ಪಾಲು ಮೇಲು. ಓಸಿಆರ್ ಮಾಡಿದ್ರೆ ನಿಮ್ಮ ಸರ್ಚಿಗೂ ಒಳಗಿನ ಪದ ಸಿಗುತ್ತಲ್ವಾ, ನನಗೂ ಆಯ್ತು ನಿಮಗೂ ಆಯ್ತು.

ಧಾರವಾಡದ ಓದುಗ:
ಅಣ್ಣಾವ್ರ ಮಾತು ಖರೆ ಐತ್ರಿ. ಇನ್ನೊಂದು ನೆನಪಾತು, ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಹಳೇ ಸ್ಕ್ಯಾನ್ ಪುಸ್ತಕ ಈಗ ಇಂಟರ್ನೆಟ್ ಆರ್ಕೈವ್‌ನ್ಯಾಗ ಅದಾವಲ್ಲ, ಹೆಸರು ಇಂಗ್ಲೀಷ್ ಅಕ್ಷರದಾಗ ಇರ್ತಾವು, ಕನ್ನಡದಾಗ ಹುಡುಕಾಕ ಬರಂಗಿಲ್ಲ ಅಂತ ಮೊದಲು ತಲಿ ಕೆಡಿಸ್ಕೊಂಡಿದ್ದೆ. ಸಂಚಯ ಅನ್ನೋ ಕನ್ನಡ ತಂತ್ರಜ್ಞಾನದ ಬಳಗದ ಗೆಳೆಯರು ಮಂದಿನ ಕೂಡಿಸಿ ಆ ಹೆಸರುಗಳನ್ನ ಕನ್ನಡಕ್ಕ ತಂದು ಪುಸ್ತಕ ಸಂಚಯ ಅಂತ ಹುಡುಕೋ ತಾಣ ಮಾಡಿದ್ರು. ಸಂಬಳ ಇಲ್ಲ ಏನಿಲ್ಲ, ಕನ್ನಡದ ಮ್ಯಾಲಿನ ಪ್ರೀತಿಗೆ ಕುಂತು ಟೈಪ್ ಮಾಡ್ಯಾರ. ಮೇಡಂ, ನಿಮ್ಮ ಕೃಷಿ ಪತ್ರಿಕಿಗೂ ಹಂಗ ಮಂದಿ ಕೂಡಿಸ್ರಿ, ನಾ ಬರ್ತೀನಿ.

ಮಲ್ನಾಡ್ ಲೈಬ್ರರಿ:
ಎಲ್ಲರಿಗೂ ಮತ್ತೆ ನಮಸ್ಕಾರ, ಮೂರು ವಾರ ಆಯ್ತು, ಏನೇನಾಯ್ತು ಅಂತ ಹೇಳ್ಬೇಕು ಅಂತ ಬಂದೆ.

ಜೀಬ್ರಾ ನೋಡಿಸ್ದೆ, ಮೈಸೂರಿನವರು ಹೇಳಿದ ಹಾಗೇ ಹಳೇ ಮೋಡಲ್ಲೇ ಇತ್ತು! ಇಷ್ಟು ವರ್ಷ ನಮ್ಮ ಕನ್ನಡ ಹುಡುಕಾಟ ಅರ್ಧಂಬರ್ಧ ನಡೀತಿತ್ತು ಅಂತ ಗೊತ್ತಾಗಿ ಬಹಳ ನೋವಾಯ್ತು. ಬದಲಾಯಿಸಿ ರೀಇಂಡೆಕ್ಸ್ ಮಾಡಿದ್ವಿ. ‘ಸೀ ಫ್ರಮ್’ ಆನ್ ಮಾಡಿದೀವಿ. ವೆಬ್‌ಪೇಜಲ್ಲಿ ‘ಇ-ರಿಸೋರ್ಸಸ್’ ಬಟನ್ ತೆಗೆದು ಕಡಲತಡಿಯವರ ಥರ ಬೇರೆ ಬೇರೆ ಮಾಡಿದೆ, ಮೊದಲ್ನೇ ದಿನವೇ ಒಬ್ಬ ಹುಡುಗ ‘ಮೇಡಂ ಹಳೇ ಪ್ರಶ್ನೆಪತ್ರಿಕೆ ಇದೆಲ್ಲಾ ಯಾವಾಗ ಹಾಕಿದ್ರಿ’ ಅಂದ, ಅದು ಅಲ್ಲೇ ಮೂರು ವರ್ಷದಿಂದ ಇತ್ತು.

ಲಿಂಕುಗಳ ವಿಷಯ ಹೇಳಿ ಬಿಡ್ತೀನಿ, ಇಲ್ಲಿ ಯಾರೂ ಎತ್ತಲಿಲ್ಲ. ಮಾರ್ಕಿನ 856 ಫೀಲ್ಡಲ್ಲಿ ಕೊಟ್ಟಿದ್ದ ವೆಬ್ ವಿಳಾಸಗಳನ್ನ ಒಂದೊಂದೇ ಒತ್ತಿ ನೋಡ್ತಾ ಹೋದೆ, ಎಷ್ಟೋ ಸತ್ತು ಹೋಗಿದ್ವು. ಹುಡುಕಿ ಸಿಕ್ಕಿ ಕ್ಲಿಕ್ ಮಾಡಿದ ಮೇಲೆ ಪುಟ ಇಲ್ಲ ಅಂತ ಬಂದ್ರೆ ಓದುಗ ಎರಡನೇ ಸಲ ಬರ್ತಾನಾ? ಆಮೇಲೆ ಗೊತ್ತಾಯ್ತು ಕೋಹಾದಲ್ಲೇ ಲಿಂಕ್ ಪರೀಕ್ಷೆ ಮಾಡೋ ಸ್ಕ್ರಿಪ್ಟ್ ಇದೆ ಅಂತ, ಈಗ ತಿಂಗಳಿಗೊಮ್ಮೆ ಓಡಿಸೋ ಹಾಗೆ ಮಾಡಿಸಿದೀನಿ.

ಕೃಷಿ ಪತ್ರಿಕೆ ಕೆಲಸ ನಡೀತಿದೆ. ಪೂರ್ತಿ ಓಸಿಆರ್ ತಿದ್ದೋದು ನಮ್ಮ ಕೈಲಿ ಆಗಲ್ಲ, ಆದ್ರೆ ಪ್ರತಿ ಸಂಚಿಕೆಯ ಪರಿವಿಡಿ ಟೈಪ್ ಮಾಡಿ ಡಿಸ್ಪೇಸಿನ ಪರಿವಿಡಿ ಜಾಗಕ್ಕೆ ಹಾಕ್ತಿದೀವಿ. ಟೈಪ್ ಮಾಡ್ತಿರೋರು ಯಾರು ಗೊತ್ತಾ, ಅದೇ ಹುಡುಗಿ ಮತ್ತೆ ಅವ್ಳ ಮೂರು ಜನ ಗೆಳತೀರು, ಮಧ್ಯಾಹ್ನ ಊಟ ಆದ್ಮೇಲೆ ಬಂದು ಕೂರ್ತಾರೆ. ಮೊನ್ನೆ ‘ಮೇಡಂ, ನಮ್ಮನೇಲಿ ಕೊಳೆರೋಗ ಅಂತ ಪೂರ್ತಿ ಹೇಳಲ್ಲ, ಕೊಳೆ ಬಂತು ಅಂತಾರೆ, ಬರೀ ‘ಅಡಿಕೆ ಕೊಳೆ’ ಅಂತಾನೂ ಹಾಕೋಣ’ ಅಂದ್ಲು. ಹಾಕಿದ್ವಿ. ಅವ್ಳ ಪ್ರಾಜೆಕ್ಟ್ ಮುಗಿದು ಹೋಯ್ತು, ನಮ್ಮ ಪತ್ರಿಕೆ ಲೇಖನ ಅವ್ಳ ಪ್ರಾಜೆಕ್ಟಿಗೆ ಸಮಯಕ್ಕೆ ಸಿಗಲಿಲ್ಲ ಅನ್ನೋದು ನನ್ನ ಮನಸ್ಸಲ್ಲಿ ಹಾಗೇ ಇದೆ.

ಆಗದೇ ಇರೋದು: ಎನ್-ಲಿಸ್ಟ್ ಇ-ಪುಸ್ತಕಗಳು ನಮ್ಮ ಬಾಕ್ಸಲ್ಲಿ ಇನ್ನೂ ಬರಲ್ಲ, ಅವಕ್ಕೆ ಬೇರೆ ಕಡೆ ಲಾಗಿನ್ ಆಗಿ ಇಂಗ್ಲಿಷಲ್ಲೇ ಹುಡುಕ್ಬೇಕು. ಸದ್ಯಕ್ಕೆ ಅಡಿಕೆ, ಕಾಫಿ, ಕಾಳುಮೆಣಸು, ಏಲಕ್ಕಿ ಹೀಗೆ ನಮ್ಮ ಮಕ್ಕಳು ಕೇಳೋ ವಿಷಯಗಳಿಗೆ ಕನ್ನಡ ಪದ, ಇಂಗ್ಲಿಷ್ ಪದ ಎದುರು ಬದುರು ಬರೆದು ಕಂಪ್ಯೂಟರ್ ಪಕ್ಕ ಗೋಡೆಗೆ ಅಂಟಿಸಿದೀನಿ. ಬೇರೆ ಉಪಾಯ ಇದ್ರೆ ಹೇಳಿ.

ಕೋಹಾ ಮೈಸೂರು:
ಮೇಡಂ, ಪ್ರಕಾಶಕರಲ್ಲಿ ಕೆಲವರು ಇ-ಪುಸ್ತಕಗಳ ಮಾರ್ಕ್ ದಾಖಲೆ ಉಚಿತವಾಗಿ ಕೊಡ್ತಾರೆ, ಅವರ ಸೈಟಲ್ಲಿ ಗ್ರಂಥಪಾಲಕರಿಗೆ ಅಂತ ಒಂದು ಭಾಗ ಇರುತ್ತೆ ನೋಡಿ. ಇಳಿಸ್ಕೊಂಡು ಕೋಹಾಗೆ ತುಂಬಿಸಿದ್ರೆ ನಿಮ್ಮ ಬಾಕ್ಸಲ್ಲೇ ಬರ್ತವೆ. ಎಲ್ಲಾ ತುಂಬಬೇಡಿ, ನಿಮ್ಮ ಕಾಲೇಜಲ್ಲಿ ಪಾಠ ಇರೋ ವಿಷಯದ್ದು ಮಾತ್ರ ಆರಿಸಿ, ಇಲ್ಲಾಂದ್ರೆ ನಿಮ್ಮ ಕನ್ನಡ ಪುಸ್ತಕಗಳು ಆ ರಾಶಿ ಅಡಿ ಮುಳುಗಿ ಹೋಗುತ್ವೆ.

ಹಳೇ ಕಾರ್ಡು:
ಗೋಡೆಗೆ ಅಂಟಿಸಿದ ಪಟ್ಟಿಯ ಫೋಟೋ ಕಳಿಸಿ ತಾಯಿ. ನನಗೆ ಈಗ ಬೇಕಾದಷ್ಟು ಸಮಯ ಇದೆ. ಅದನ್ನು ನೋಡಿಕೊಂಡು ವಿಷಯದ ‘ನೋಡಿ’ ನಮೂದುಗಳನ್ನು ಅಕಾರಾದಿಯಲ್ಲಿ ನಾನು ಕಾಗದದ ಮೇಲೆ ಬರೆದುಕೊಡುತ್ತೇನೆ. ಕಂಪ್ಯೂಟರಿಗೆ ನೀವು ಏರಿಸಿಕೊಳ್ಳಿ.

ಮಲ್ನಾಡ್ ಲೈಬ್ರರಿ:
ಸರ್, ಫೋಟೋ ಯಾಕೆ, ನೋಟ್‌ಬುಕ್ಕೇ ಜೆರಾಕ್ಸ್ ಮಾಡಿ ನಾಳೆ ಪೋಸ್ಟ್ ಮಾಡ್ತೀನಿ. ಹುಡುಗೀರಿಗೂ ಹೇಳಿದೀನಿ, ನೀವು ಬರೆದು ಕಳಿಸಿದ ಹಾಗೆ ಅವ್ರು ಏರಿಸ್ತಾರೆ. ‘ಅ’ ಇಂದ ಶುರು ಮಾಡಿ ಸರ್, ಅಡಿಕೆ ಮೊದಲು ಬರುತ್ತೆ.